ವಾಕ್ಯವನ್ನು ತಿರುಗಿಸಬಾರದು

ಎರಡು ವರ್ಷದ ಹಿಂದಿನ ರಮಜಾನ್. ಇಫ್ತಾರ್ ಮುಗಿಸಿ ತರಾವೀಹ್‌ಗೆ ಹೊರಡುವ ಹೊತ್ತಿಗೆ ತುಮಕೂರಿನಿಂದ ಆಪಾ ಫೋನು ಮಾಡಿದರು. ಸಲಾಮು, ಮಕ್ಕಳ ಕ್ಷೇಮಸಮಾಚಾರ ಎಲ್ಲ ಆದ ಮೇಲೆ ಅವರ ದನಿ ತಗ್ಗಿತು. "ನಿನ್ನ ಭಾಂಜಿ ಸಹರಿಯವರೆಗೂ ಕಂಪ್ಯೂಟರಿನ ಮುಂದೆ ಬಾಂಬಿನ ಲೆಕ್ಕ ಬರೆಯುತ್ತಾ ಕೂತಿರ್ತಾಳೆ. ಅವರಪ್ಪ ಹೇಳಿದರೂ ಕೇಳೋದಿಲ್ಲ. ನೀನು ಬಂದು ಒಂದು ಮಾತು ಹೇಳು" ಎಂದರು.

ಬಾಂಬಿನ ಲೆಕ್ಕ ಅಂದರೇನು ಎಂದು ಫೋನಿನಲ್ಲೇ ಕೇಳಬಹುದಿತ್ತು. ನಾವು ಕೇಳಲಿಲ್ಲ. ಆ ಪದವನ್ನು ಫೋನಿನಲ್ಲಿ ಆಡಬಾರದೆಂದು ನಮ್ಮ ಮನೆಗಳಲ್ಲಿ ಯಾರೂ ಪಾಠ ಹೇಳಿಲ್ಲ. ಆದರೂ ಎಲ್ಲರೂ ಕಲಿತಿದ್ದಾರೆ. "ಭಾನುವಾರ ಬರ್ತೀವಿ" ಎಂದಷ್ಟೇ ಹೇಳಿ ಫೋನಿಟ್ಟೆವು. ಹುಡುಗಿಗೆ ಬುದ್ಧಿ ಹೇಳಿ ಬರುವುದೆಂದೇ ನಿಶ್ಚಯಿಸಿಕೊಂಡು ಹೋದೆವು.

ಆಕೆ ಎಂ.ಎಸ್ಸಿ. ಸಂಖ್ಯಾಶಾಸ್ತ್ರದ ಕೊನೆಯ ವರ್ಷದಲ್ಲಿದ್ದಳು. ಒಂದು ಪ್ರಾಜೆಕ್ಟ್ ಬರೆಯಬೇಕು. ಸಹಪಾಠಿಗಳು ಮಳೆಯ ಲೆಕ್ಕ, ಷೇರುಪೇಟೆಯ ಲೆಕ್ಕ, ಕ್ರಿಕೆಟ್ಟಿನ ಲೆಕ್ಕ ತೆಗೆದುಕೊಂಡಿದ್ದರೆ ಇವಳು ಆರಿಸಿಕೊಂಡದ್ದು ಭಯೋತ್ಪಾದನೆಯ ಅಂಕಿಅಂಶ. "ಮಾಮು, ಇದು ಗುಟ್ಟಿನದಲ್ಲ. ಪ್ರಪಂಚದ ಎಲ್ಲಾ ವಿಶ್ವವಿದ್ಯಾಲಯಗಳಲ್ಲೂ ಇದನ್ನಿಟ್ಟುಕೊಂಡು ಪಾಠ ಮಾಡ್ತಾರೆ" ಎಂದು ಪರದೆಯನ್ನು ನಮ್ಮತ್ತ ತಿರುಗಿಸಿದಳು. ಉದ್ದಕ್ಕೆ ಸಾಲುಗಳು, ಅಡ್ಡಕ್ಕೆ ಕಾಲಮ್ಮುಗಳು. ನಮ್ಮ ಅಬ್ಬಾ ಅಂಗಡಿಯಲ್ಲಿ ಇಡುತ್ತಿದ್ದ ಖಾತೆ ಪುಸ್ತಕದ ಹಾಗೇ ಕಂಡಿತು.

ಆ ಖಾತೆಯ ಚರಿತ್ರೆಯನ್ನು ಆಕೆಯೇ ಹೇಳಿದಳು. ಅದರ ಹೆಸರು ಗ್ಲೋಬಲ್ ಟೆರರಿಸಂ ಡೇಟಾಬೇಸ್. ಇರುವುದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ಶುರು ಮಾಡಿದ್ದು ಮಾತ್ರ ವಿಶ್ವವಿದ್ಯಾಲಯವಲ್ಲ. ಪಿಂಕರ್ಟನ್ ಎಂಬ ಖಾಸಗಿ ಭದ್ರತಾ ಸಂಸ್ಥೆ, ಯಾವ ದೇಶದಲ್ಲಿ ವ್ಯಾಪಾರಕ್ಕೆ ಎಷ್ಟು ಅಪಾಯ ಎಂದು ತನ್ನ ಗಿರಾಕಿಗಳಿಗೆ ತಿಳಿಸುವುದಕ್ಕಾಗಿ, 1970ರಿಂದ 1997ರವರೆಗೆ ಪತ್ರಿಕಾ ವರದಿಗಳನ್ನು ನೋಡಿ ಒಂದೊಂದು ಘಟನೆಗೂ ಒಂದೊಂದು ಕಾರ್ಡು ಬರೆದಿಟ್ಟಿತ್ತು. ಗ್ಯಾರಿ ಲಾಫ್ರೀ ಎಂಬ ಅಪರಾಧಶಾಸ್ತ್ರದ ಪ್ರಾಧ್ಯಾಪಕರು 2001ರಲ್ಲಿ ಆ ಕಾರ್ಡುಗಳನ್ನು ವಿಶ್ವವಿದ್ಯಾಲಯಕ್ಕೆ ತರಿಸಿಕೊಂಡರು. ಸುಮಾರು 67 ಸಾವಿರ ದಾಖಲೆಗಳು. ಅವುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ 2005ರಲ್ಲಿ ಮುಗಿಯಿತು. ಆಮೇಲಿನ ವರ್ಷಗಳ ಘಟನೆಗಳನ್ನೂ ಸೇರಿಸುತ್ತಾ ಬಂದರು; ಆ ಕೆಲಸದಲ್ಲಿ ವಿದ್ಯಾರ್ಥಿಗಳೇ ಎಷ್ಟೋ ಜನ. ಆಕೆಯ ಕೈಯಲ್ಲಿದ್ದದ್ದು ಸಹಪಾಠಿಗಳಿಂದ ಸಿಕ್ಕಿದ, 2017ರವರೆಗಿನ ಪ್ರತಿ. ಅದರಲ್ಲಿ 1,81,691 ಸಾಲುಗಳಿದ್ದವು.

ಮೊದಲಿಗೆ ನಾವು ಹುಡುಕಿಸಿದ್ದು 1993ರ ಮಾರ್ಚ್ 12. ಮುಂಬಯಿಯಲ್ಲಿ ಸರಣಿ ಸ್ಫೋಟವಾಗಿ 257 ಜನ ಸತ್ತ ದಿನ. ಆಗ ನಾವು ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ್ದ ಹೊಸತು. ಬೆಂಚಿನಲ್ಲಿ ಪಕ್ಕದವನು ಸರಿದು ಕೂತದ್ದು ಇಂದಿಗೂ ನೆನಪಿದೆ. ಹುಡುಗಿ ಬೆರಳಾಡಿಸಿದಳು. ಆ ದಿನ ಸಿಗಲಿಲ್ಲ. ದಿನವಲ್ಲ, ಇಡೀ ವರ್ಷವೇ ಇಲ್ಲ. 1992 ಮುಗಿದ ಕೂಡಲೇ 1994. ಪಿಂಕರ್ಟನ್ನಿನವರು ಕಚೇರಿ ಬದಲಾಯಿಸುವಾಗ 1993ರ ಕಾರ್ಡುಗಳು ಕಳೆದುಹೋದವಂತೆ. ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಸ್ವಲ್ಪ ಭಾಗ ಮಾತ್ರ ದೊರೆತದ್ದರಿಂದ ಅದನ್ನು ಮುಖ್ಯ ಪಟ್ಟಿಗೆ ಸೇರಿಸಲಿಲ್ಲ. ನಮ್ಮ ತಲೆಮಾರಿನ ಮುಸಲ್ಮಾನರ ಬಾಳಿನ ದಿಕ್ಕನ್ನೇ ಬದಲಿಸಿದ ಆ ವರ್ಷ ಲೋಕದ ಲೆಕ್ಕದ ಪುಸ್ತಕದಲ್ಲಿ ಒಂದು ಹರಿದ ಹಾಳೆ. ಲೆಕ್ಕವೆಂದರೆ ಸತ್ಯವೆಂದು ನಂಬುವವರು ಇದನ್ನು ಮೊದಲು ನೋಡಬೇಕು.

ಹಾಗೆಂದು ಪುಸ್ತಕವನ್ನೇ ಎಸೆಯುವಂತಿಲ್ಲ. ಒಂದು ಮಧ್ಯಾಹ್ನವಿಡೀ ಅದನ್ನು ನೋಡಿದ್ದರಿಂದ ಟೀವಿ ನಮಗೆ ಇಪ್ಪತ್ತು ವರ್ಷದಲ್ಲಿ ಹೇಳದ ಎಷ್ಟೋ ಸಂಗತಿಗಳು ತಿಳಿದವು.

ಅತಿ ಹೆಚ್ಚು ಘಟನೆಗಳನ್ನು ನಡೆಸಿದ ಗುಂಪುಗಳ ಪಟ್ಟಿಯಲ್ಲಿ ಮೂರನೆಯದು ಪೆರು ದೇಶದ 'ಶೈನಿಂಗ್ ಪಾತ್'. 4,555 ಸಾಲು ಅದರ ಹೆಸರಿನಲ್ಲಿದೆ. ಅದನ್ನು ಕಟ್ಟಿದವರು ಅಬಿಮಾಯೆಲ್ ಗುಸ್ಮಾನ್, ಅಯಾಕುಚೊ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಪಾಠ ಹೇಳುತ್ತಿದ್ದ ಮೇಷ್ಟ್ರು. ನಾಲ್ಕನೆಯದು ಎಲ್ ಸಾಲ್ವಡೋರಿನದು. ಎಪ್ಪತ್ತರ ದಶಕದಲ್ಲಿ ಈ ಲೆಕ್ಕದ ನಡುಮನೆ ಪಶ್ಚಿಮ ಯುರೋಪು. ಎಂಬತ್ತರಲ್ಲಿ ಲ್ಯಾಟಿನ್ ಅಮೆರಿಕ. ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಪೇಪ್ ಅವರು 1980ರಿಂದ 2003ರವರೆಗಿನ 315 ಆತ್ಮಾಹುತಿ ದಾಳಿಗಳನ್ನು ಕಲೆಹಾಕಿದಾಗ ಎಲ್ಲಕ್ಕಿಂತ ಹೆಚ್ಚು, 76 ದಾಳಿ, ಶ್ರೀಲಂಕಾದ ಎಲ್‌ಟಿಟಿಇಯದಾಗಿತ್ತು. ಎಲ್‌ಟಿಟಿಇ ಎಂದರೆ ನಮಗೆ ನೆನಪಾಗುವುದು ಬೆಂಗಳೂರಿನ ಕೋಣನಕುಂಟೆ. ರಾಜೀವ್ ಗಾಂಧಿ ಹತ್ಯೆಯ ಶಿವರಾಸನ್ ಮತ್ತು ಜೊತೆಗಾರರು ಹೆಣವಾಗಿ ಸಿಕ್ಕಿದ್ದು 1991ರ ಆಗಸ್ಟಿನಲ್ಲಿ ಅಲ್ಲಿಯ ಒಂದು ಮನೆಯಲ್ಲಿ.

ಇನ್ನೊಂದು ಸಂಗತಿ. ಈ ಸಾಲುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಘಟನೆಗಳಲ್ಲಿ ಒಬ್ಬರೂ ಸತ್ತಿಲ್ಲ. ಇಂಥ ಗುಂಪುಗಳಲ್ಲಿ ನಾಲ್ಕರಲ್ಲಿ ಮೂರು ಒಂದು ವರ್ಷವೂ ಬಾಳುವುದಿಲ್ಲವೆಂದು ಅದೇ ವಿಶ್ವವಿದ್ಯಾಲಯದವರು ಲೆಕ್ಕಹಾಕಿದ್ದಾರೆ. ಗುಂಪಿನ ಹೆಸರಿನ ಕಾಲಮ್ಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವುದು ಯಾವ ಗುಂಪೂ ಅಲ್ಲ. 'ಗೊತ್ತಿಲ್ಲ' ಎಂಬ ಪದ. 82,782 ಸಲ! ನಮ್ಮಲ್ಲಿ ಬೆಳಿಗ್ಗೆ ಸ್ಫೋಟವಾದರೆ ಸಂಜೆಯೊಳಗೆ ಹೆಸರು ಹೇಳಿಬಿಡುತ್ತಾರೆ. 2006ರ ಸೆಪ್ಟೆಂಬರಿನಲ್ಲಿ ಷಬೇ ಬರಾತ್‌ನ ದಿನ ಮಾಲೇಗಾಂವದ ಖಬರಸ್ತಾನದ ಬಳಿ ಸ್ಫೋಟವಾಗಿ, ಒಂಬತ್ತು ಮುಸ್ಲಿಂ ಯುವಕರನ್ನು ಹಿಡಿದರು. ನ್ಯಾಯಾಲಯ ಅವರನ್ನು ಆರೋಪದಿಂದ ಬಿಡುಗಡೆ ಮಾಡಿದ್ದು 2016ರಲ್ಲಿ. ಅಷ್ಟರಲ್ಲಿ ಅವರಲ್ಲೊಬ್ಬರು ತೀರಿಕೊಂಡಿದ್ದರು. 'ಗೊತ್ತಿಲ್ಲ' ಎಂದು ಬರೆಯುವುದಕ್ಕೂ ಒಂದು ಪ್ರಾಮಾಣಿಕತೆ ಬೇಕು.

ಹಾಗಾದರೆ ಭಯೋತ್ಪಾದನೆ ಎಂದರೇನು? ಅಲೆಕ್ಸ್ ಶ್ಮಿಡ್ ಎಂಬ ವಿದ್ವಾಂಸರು ಎಂಬತ್ತರ ದಶಕದಲ್ಲಿ ಅದಕ್ಕೆ 109 ವ್ಯಾಖ್ಯೆಗಳನ್ನು ಒಟ್ಟುಮಾಡಿದ್ದರು. ಮೇರಿಲ್ಯಾಂಡಿನವರದು ಹೀಗೆ: ಸರಕಾರಕ್ಕೆ ಸೇರದ ವ್ಯಕ್ತಿ ಅಥವಾ ಗುಂಪು, ರಾಜಕೀಯ, ಆರ್ಥಿಕ, ಧಾರ್ಮಿಕ ಇಲ್ಲವೇ ಸಾಮಾಜಿಕ ಗುರಿಯೊಂದನ್ನು ಸಾಧಿಸಲು, ಭಯಹುಟ್ಟಿಸಿ, ಕಾನೂನುಬಾಹಿರವಾಗಿ ಹಿಂಸೆ ಬಳಸುವುದು ಅಥವಾ ಬಳಸುವೆನೆಂದು ಬೆದರಿಸುವುದು. 'ಸರಕಾರಕ್ಕೆ ಸೇರದ' ಎಂಬಲ್ಲಿ ನಾವು ತಡೆದೆವು. "ಹಾಗಾದರೆ ವಿಮಾನದಿಂದ ಮನೆಗಳ ಮೇಲೆ ಬಾಂಬು ಹಾಕಿದರೆ ಇದರಲ್ಲಿ ಬರುವುದಿಲ್ಲ. ಬರೆಯುವ ಕೇಂದ್ರಕ್ಕೆ 2005ರಲ್ಲಿ ಹಣ ಕೊಟ್ಟು ನಿಲ್ಲಿಸಿದ್ದೇ ಅಮೆರಿಕದ ಗೃಹಭದ್ರತಾ ಇಲಾಖೆ. ಮತ್ತೆ ಇನ್ನೇನಾಗುತ್ತದೆ?" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆವು.

ಹುಡುಗಿ ನಮ್ಮ ಭಾಷಣ ಮುಗಿಯಲೆಂದು ಕಾದಳು. "ಅದು ಬೇರೆ ಪುಸ್ತಕದಲ್ಲಿದೆ ಮಾಮು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಯುದ್ಧಗಳಲ್ಲಿ ಸತ್ತವರನ್ನು ಎಣಿಸುತ್ತಾರೆ, ಸರಕಾರಗಳು ಸಾಮಾನ್ಯ ಜನರನ್ನು ಕೊಂದದ್ದನ್ನೂ ಎಣಿಸುತ್ತಾರೆ. ಒಂದೇ ಖಾತೆಯಲ್ಲಿ ಎಲ್ಲಾ ಬಾಕಿ ಹುಡುಕಬಾರದು. ಯಾವ ಖಾತೆಯಲ್ಲಿ ಏನಿಲ್ಲ ಅಂತ ತಿಳಿದುಕೊಂಡು ಓದಬೇಕು ಅಷ್ಟೆ" ಎಂದಳು. ಅಬ್ಬಾ ಇದ್ದಿದ್ದರೆ ಮೊಮ್ಮಗಳ ಈ ಮಾತಿಗೆ ಸಂತೋಷಪಡುತ್ತಿದ್ದರು.

ಇಷ್ಟು ಹೊತ್ತಾದರೂ ನಾವು ಪಟ್ಟಿಯ ಮೊದಲ ಎರಡು ಹೆಸರುಗಳನ್ನು ಹೇಳಿಲ್ಲ. ಓದುಗರು ಅದನ್ನು ಗಮನಿಸಿರಬಹುದು. ಮೊದಲನೆಯದು ತಾಲಿಬಾನ್, 7,478. ಎರಡನೆಯದು ಐಸಿಸ್, 5,613. ಅದೂ ಕೆಲವೇ ವರ್ಷಗಳಲ್ಲಿ. ಐದನೆಯದು ಸೊಮಾಲಿಯಾದ ಅಲ್ ಶಬಾಬ್. ಇವರು ಮುಸಲ್ಮಾನರೇ ಅಲ್ಲ ಎಂದು ಹೇಳಿ ಎದ್ದುಹೋಗುವುದು ಸುಲಭ. ಸಭೆಗಳಲ್ಲಿ ನಾವೂ ಹಾಗೆ ಹೇಳಿದ್ದೇವೆ. ಆದರೆ ಅವರು ಕೊಲ್ಲುವಾಗ ಉಚ್ಚರಿಸುವುದು ನಾವು ನಮಾಜಿನಲ್ಲಿ ಉಚ್ಚರಿಸುವ ಮಾತನ್ನೇ. ಆ ಸಂಕಟವನ್ನು ಲೆಕ್ಕದ ಹಿಂದೆ ಬಚ್ಚಿಡಲಾಗದು.

ಅದರ ಜೊತೆಗೇ ನೋಡಬೇಕಾದ ಇನ್ನೊಂದು ಕಾಲಮ್ಮಿದೆ. ಈ ಪ್ರತಿಯಲ್ಲಿ ಅತಿ ಹೆಚ್ಚು ಘಟನೆ ನಡೆದ ವರ್ಷ 2014, ಒಟ್ಟು 16,903. ಸತ್ತವರಲ್ಲಿ ಬಹುಪಾಲು ಇರಾಕ್, ನೈಜೀರಿಯಾ, ಅಫ್ಘಾನಿಸ್ತಾನ, ಪಾಕಿಸ್ತಾನ, ಸಿರಿಯಾಗಳವರು. ಆ ವರ್ಷದ ಡಿಸೆಂಬರ್ 16ರ ಸಾಲಿನಲ್ಲಿ ಪೇಶಾವರದ ಶಾಲೆಯಿದೆ. ಸತ್ತವರು 140ಕ್ಕೂ ಹೆಚ್ಚು, ಬಹುತೇಕ ಮಕ್ಕಳು. ಆ ಮಕ್ಕಳ ಹೆಸರುಗಳನ್ನು ಅಂದು ಉರ್ದು ಪತ್ರಿಕೆಯಲ್ಲಿ ಓದಿದ್ದೆವು. ನಮ್ಮ ಅಣ್ಣತಮ್ಮಂದಿರ, ಆಪಾಂದಿರ ಮಕ್ಕಳ ಹೆಸರುಗಳೇ. ಈ ಖಾತೆಯಲ್ಲಿ ನೂರಮೂವತ್ತಕ್ಕೂ ಹೆಚ್ಚು ಕಾಲಮ್ಮುಗಳಿವೆ; ಆಯುಧದ ಬಗೆಗೆ ಇದೆ, ಹಾಳಾದ ಆಸ್ತಿಯ ಬೆಲೆಗೆ ಇದೆ. ಸತ್ತವರ ಹೆಸರಿಗೆ ಇಲ್ಲ. ಅವರ ಧರ್ಮಕ್ಕೂ ಇಲ್ಲ. ಕತೆ ಬರೆಯುವವರಾದ ನಮಗೆ ಮೊದಲು ಅದು ಕೊರತೆಯಾಗಿ ಕಂಡಿತು. ಆಮೇಲೆ, ಹೆಸರು ಬರೆಯದಿರುವುದರಲ್ಲೂ ಒಂದು ಮರ್ಯಾದೆಯಿದೆ ಎನ್ನಿಸಿತು. ಸತ್ತವರ ಧರ್ಮ ಕೇಳದ ಪುಸ್ತಕ ಎಷ್ಟಿದೆ?

ಅಂದಿನ ಪಾಠದ ಮುಖ್ಯ ಭಾಗ ಇನ್ನೂ ಬಾಕಿಯಿತ್ತು. ಇಂಥವರು ಯಾರು, ಯಾಕೆ ಹೀಗಾಗುತ್ತಾರೆ ಎಂದು ವಿಶ್ವವಿದ್ಯಾಲಯಗಳು ಕೇಳುತ್ತಲೇ ಬಂದಿವೆ. ಬಡತನವೇ ಕಾರಣವೆಂದು ನಾವು ನಂಬಿದ್ದೆವು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಲೆಕ್ಕ ಮಾಡಿ ನೋಡಿದರೆ ಬಡತನಕ್ಕೂ ಇದಕ್ಕೂ ನೇರ ನಂಟು ಕಾಣಲಿಲ್ಲ. ಮದರಸಾಗಳೇ ಕಾರಣವೆಂದು ಬೇರೆಯವರು ನಂಬಿದ್ದರು. ಮನೋವೈದ್ಯ ಮಾರ್ಕ್ ಸೇಜ್‌ಮನ್ ಅಲ್ ಖೈದಾದ ಜಾಲಕ್ಕೆ ಸೇರಿದ 172 ಜನರ ಜೀವನವೃತ್ತಾಂತ ಕಲೆಹಾಕಿ 2004ರಲ್ಲಿ ಪುಸ್ತಕ ಬರೆದರು. ಬಹುಪಾಲು ಮಧ್ಯಮವರ್ಗದವರು, ಕಾಲೇಜು ಓದಿದವರು. ಮದರಸಾದಲ್ಲಿ ಕಲಿತವರು ಕಡಿಮೆ. ಹೆಚ್ಚಿನವರನ್ನು ಒಳಗೆ ಎಳೆದದ್ದು ಗೆಳೆತನ ಮತ್ತು ನೆಂಟಸ್ತನ. ಡಿಯೇಗೊ ಗಂಬೆಟ್ಟಾ ಮತ್ತು ಸ್ಟೆಫನ್ ಹೆರ್ಟೋಗ್ ಎಂಬ ಇಬ್ಬರು ವಿದ್ವಾಂಸರು ಇನ್ನೊಂದು ವಿಚಿತ್ರ ಕಂಡುಹಿಡಿದರು. ಮುಸ್ಲಿಂ ದೇಶಗಳ ಇಂಥ ಉಗ್ರರಲ್ಲಿ ಯಾವ ವಿಷಯ ಓದಿದರೆಂದು ತಿಳಿದವರನ್ನು ತೆಗೆದುಕೊಂಡರೆ ಸುಮಾರು ಶೇ. 45ರಷ್ಟು ಜನ ಇಂಜಿನಿಯರುಗಳು.

ಇದನ್ನು ಕೇಳಿ ಬಾಗಿಲ ಬಳಿ ನಿಂತಿದ್ದ ಆಪಾ "ಯಾ ಅಲ್ಲಾಹ್" ಎಂದರು. ಅವರ ಹಿರಿಯ ಮಗ ಇಂಜಿನಿಯರು.

ಹುಡುಗಿ ನಕ್ಕಳು. "ಅಮ್ಮಿ, ವಾಕ್ಯವನ್ನು ತಿರುಗಿಸಬಾರದು. ಅವರಲ್ಲಿ ಇಂಜಿನಿಯರುಗಳು ಹೆಚ್ಚು ಅಂದರೆ ಇಂಜಿನಿಯರುಗಳಲ್ಲಿ ಅವರು ಹೆಚ್ಚು ಅಂತ ಅಲ್ಲ. ಕನ್ನಡ ಕತೆಗಾರರಲ್ಲಿ ಮೇಷ್ಟ್ರುಗಳು ಬಹಳ. ಹಾಗಂತ ಮೇಷ್ಟ್ರುಗಳೆಲ್ಲ ಕತೆ ಬರೀತಾರಾ? ಮಾಮು ಸ್ಕೂಲಿನಲ್ಲಿ ಎಷ್ಟು ಜನ ಬರೀತಾರೆ ಕೇಳಿ." ನಮ್ಮ ಶಾಲೆಯಲ್ಲಿ ಹದಿನಾಲ್ಕು ಜನ ಮೇಷ್ಟ್ರುಗಳಿದ್ದಾರೆ. ಬರೆಯುವವರು ನಾವೊಬ್ಬರೇ. ಆಕೆ ಮುಂದುವರಿದು ಕಾಗದದ ಮೇಲೆ ಎರಡು ವೃತ್ತ ಬರೆದಳು. ಒಂದು ಕೋಟಿ ಜನರ ದೊಡ್ಡ ವೃತ್ತ, ಅದರ ಅಂಚಿನಲ್ಲಿ ಹತ್ತಾರು ಜನರ ಚುಕ್ಕಿಯಂಥ ವೃತ್ತ. ಚುಕ್ಕಿಯ ಒಳಗೆ ನಿಂತು ನೋಡಿದರೆ ಎಲ್ಲರೂ ದೊಡ್ಡ ವೃತ್ತದವರೇ. ದೊಡ್ಡ ವೃತ್ತದಲ್ಲಿ ನಿಂತು ನೋಡಿದರೆ ಚುಕ್ಕಿ ಕಣ್ಣಿಗೇ ಬೀಳುವುದಿಲ್ಲ. "ಸಂಖ್ಯಾಶಾಸ್ತ್ರದಲ್ಲಿ ನಮಗೆ ಮೊದಲ ವರ್ಷವೇ ಹೇಳಿಕೊಡುವ ಪಾಠ ಇದು" ಎಂದಳು.

ಪತ್ರಿಕೆಗಳೂ ವಾಕ್ಯವನ್ನು ತಿರುಗಿಸಲು ನೆರವಾಗುತ್ತವೆ. ಅಮೆರಿಕದಲ್ಲಿ 2006ರಿಂದ 2015ರವರೆಗೆ ನಡೆದ 136 ದಾಳಿಗಳ ಸುದ್ದಿಗಳನ್ನು ಎರಿನ್ ಕರ್ನ್ಸ್ ಮತ್ತು ಸಂಗಡಿಗರು ಎಣಿಸಿದರು. ದಾಳಿ ಮಾಡಿದವನು ಮುಸ್ಲಿಮನಾಗಿದ್ದರೆ ಸರಾಸರಿ ಶೇ. 357ರಷ್ಟು ಹೆಚ್ಚು ಸುದ್ದಿ ಬಂದಿತ್ತು. ದಿನವೂ ಹೀಗೆ ಓದುವವನಿಗೆ ಚುಕ್ಕಿಯೇ ದೊಡ್ಡ ವೃತ್ತವಾಗಿ ಕಂಡರೆ ಅವನ ತಪ್ಪೊಂದೇ ಅಲ್ಲ.

ಆ ಎರಡು ವೃತ್ತಗಳನ್ನು ನೋಡುತ್ತಾ ನಮಗೆ 2007 ನೆನಪಾಯಿತು. ಆ ಜೂನ್ 30ರಂದು ಬೆಂಗಳೂರಿನ ಇಂಜಿನಿಯರ್ ಕಫೀಲ್ ಅಹ್ಮದ್ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ; ಸುಟ್ಟಗಾಯಗಳಿಂದ ಆಗಸ್ಟಿನಲ್ಲಿ ಸತ್ತ. ಜುಲೈ 2ರಂದು ಬ್ರಿಸ್ಬೇನಿನಲ್ಲಿ ಡಾ. ಮೊಹಮ್ಮದ್ ಹನೀಫ್ ಅವರನ್ನು ಹಿಡಿದರು. ಅವರೂ ಬೆಂಗಳೂರಿನವರು, ಕಫೀಲನಿಗೆ ದೂರದ ನೆಂಟರು. ಹಿಂದಿನ ವರ್ಷ ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟು ಬಂದದ್ದೇ ತಪ್ಪಾಯಿತು. ಆ ಸಿಮ್ ಉರಿದ ಜೀಪಿನಲ್ಲಿ ಸಿಕ್ಕಿತೆಂದು ಕೋರ್ಟಿನಲ್ಲಿ ಹೇಳಿದರು. ಅದು ಇದ್ದದ್ದು ಬೇರೆ ಊರಿನಲ್ಲಿ, ಆ ತಮ್ಮನ ಬಳಿ. ಜುಲೈ 27ರಂದು ಆರೋಪ ಹಿಂತೆಗೆದುಕೊಂಡರು. 2008ರಲ್ಲಿ ಸರಕಾರಿ ವಿಚಾರಣೆ ಅವರನ್ನು ನಿರ್ದೋಷಿಯೆಂದಿತು, 2010ರಲ್ಲಿ ಪರಿಹಾರವೂ ದೊರೆಯಿತು. ಉಗ್ರರು ಗೆಳೆತನ, ನೆಂಟಸ್ತನದಿಂದ ಕೂಡುತ್ತಾರೆ ಎಂಬ ವಾಕ್ಯವನ್ನು ತಿರುಗಿಸಿ ಓದಿದ್ದರ ಫಲ ಅದು. ಆಗ ನಾವು ಕೋಪದಿಂದ ಪತ್ರಿಕೆಗೆ ಎರಡು ಪುಟದ ಪತ್ರ ಬರೆದಿದ್ದೆವು. ಅಚ್ಚಾಗಿತ್ತು. ಮಸೀದಿಯಲ್ಲಿ ನಾಲ್ಕು ಜನ ಕೈಕುಲುಕಿದ್ದರು.

ಅದಾದ ಮರುವರ್ಷ, 2008ರ ಅಕ್ಟೋಬರ್. ಜುಲೈನಲ್ಲಿ ಬೆಂಗಳೂರಿನಲ್ಲಿ ಸರಣಿ ಸ್ಫೋಟಗಳಾಗಿದ್ದವು. ಟೀವಿಯಲ್ಲಿ ಒಂದು ಊರಿನ ಹೆಸರನ್ನು ಮನುಷ್ಯರ ಹೆಸರಿಗೆ ಅಂಟಿಸಿ ದಿನವೂ ಹೇಳುತ್ತಿದ್ದರು. ಈದ್ ಕಳೆದ ವಾರ ಒಬ್ಬ ಹುಡುಗ ನಮ್ಮ ಮನೆಗೆ ಬಂದ. ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಮಹಡಿಯ ಮೇಲೆ ಕೋಣೆ ಖಾಲಿಯಿದೆಯೆಂದು ಮಸೀದಿಯಲ್ಲಿ ಹೇಳಿದರು ಎಂದ. ತೆಳ್ಳಗಿದ್ದ, ಗಡ್ಡ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಅಬ್ಬಾ ಚಹಾ ಕೊಡಿಸಿದರು. ಯಾವ ಊರಪ್ಪಾ ಎಂದು ನಾವು ಕೇಳಿದೆವು. "ಭಟ್ಕಳ" ಎಂದ. ಹೇಳುವಾಗಲೇ ಅವನ ಕಣ್ಣು ಚಹಾದ ಲೋಟದತ್ತ ಇಳಿಯಿತು. ಆ ಉತ್ತರಕ್ಕೆ ಏನಾಗುತ್ತದೆಂದು ಅವನಿಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತೆಂದು ಕಾಣುತ್ತದೆ. ಅಬ್ಬಾ ನಮ್ಮ ಮುಖ ನೋಡಿದರು. ನಾವು, "ನೆಂಟರು ಬರುವವರಿದ್ದಾರೆ, ಕೋಣೆ ಕೊಡಲಾಗುವುದಿಲ್ಲ" ಎಂದೆವು. ಅವನು ಸಲಾಮು ಹೇಳಿ ಮೆಟ್ಟಿಲಿಳಿದು ಹೋದ. ಅಬ್ಬಾ ಆ ದಿನ ನಮ್ಮೊಡನೆ ಮಾತಾಡಲಿಲ್ಲ.

ಬ್ರಿಸ್ಬೇನಿನ ಪೊಲೀಸರ ಮೇಲೆ ಎರಡು ಪುಟ ಬರೆದ ಕೈಯಿದು. ಅವರಾದರೂ ಸಿಮ್ ಕಾರ್ಡು ಹುಡುಕಿದ್ದರು. ನಮಗೆ ಊರಿನ ಹೆಸರೇ ಸಾಕಾಯಿತು.

ಈ ಕತೆಯನ್ನು ನಾವು ಆಪಾಗೂ ಅದುವರೆಗೆ ಹೇಳಿರಲಿಲ್ಲ. ಅಂದು ಹೇಳಿದೆವು. ಹುಡುಗಿ ಏನೂ ಅನ್ನಲಿಲ್ಲ. ಆಪಾ ಮಾತ್ರ, "ಅದಕ್ಕೇ ಹೇಳೋದು, ಈ ವಿಷಯವೇ ಬೇಡ. ನಮ್ಮವರೇ ನಮ್ಮನ್ನು ನಂಬೋದಿಲ್ಲ, ಬೇರೆಯವರು ನಂಬ್ತಾರಾ?" ಎಂದರು.

ಅವರ ಭಯ ಸುಳ್ಳಲ್ಲ. 2008ರ ಮೇನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಿಜ್ವಾನ್ ಸಾಬಿರ್ ಎಂಬ ಎಂ.ಎ. ವಿದ್ಯಾರ್ಥಿಯನ್ನು ಬಂಧಿಸಿ ಆರು ದಿನ ಇಟ್ಟುಕೊಂಡರು. ಸಂಶೋಧನೆಗಾಗಿ ಆತ ತೆಗೆದುಕೊಂಡಿದ್ದ ಅಲ್ ಖೈದಾದ ಕೈಪಿಡಿ ಅಮೆರಿಕ ಸರಕಾರವೇ ಎಲ್ಲರೂ ನೋಡಲೆಂದು ಪ್ರಕಟಿಸಿದ್ದು. ಆರೋಪವಿಲ್ಲದೆ ಬಿಟ್ಟರು, 2011ರಲ್ಲಿ ಪೊಲೀಸರು 20,000 ಪೌಂಡ್ ಕೊಟ್ಟು ದಾವೆ ಮುಗಿಸಿಕೊಂಡರು. 2015ರಲ್ಲಿ ಸ್ಟಾಫರ್ಡ್‌ಷೈರ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಒಬ್ಬ ಮುಸ್ಲಿಂ ವಿದ್ಯಾರ್ಥಿ ಭಯೋತ್ಪಾದನೆಯ ಅಧ್ಯಯನದ ಪಠ್ಯಪುಸ್ತಕ ಓದುತ್ತಿದ್ದ. ಅವನು ಸೇರಿದ್ದೇ ಆ ಕೋರ್ಸಿಗೆ. ಅಲ್ಲಿನ ಸಿಬ್ಬಂದಿಯೊಬ್ಬರು ಬಂದು ಅವನ ಅಭಿಪ್ರಾಯಗಳೇನೆಂದು ವಿಚಾರಿಸಿದರು. ವಿಶ್ವವಿದ್ಯಾಲಯ ಆಮೇಲೆ ಕ್ಷಮೆ ಕೇಳಿತು. ಹುಡುಗ ಕೋರ್ಸು ಬಿಟ್ಟ.

ಈ ಎರಡೂ ಸಂಗತಿಗಳನ್ನು ನಮಗೆ ಹೇಳಿದ್ದು ಭಾಂಜಿಯೇ. ತಿಳಿದೇ ಕೂತಿದ್ದಳು. "ರಿಜ್ವಾನ್ ಸಾಬಿರ್ ಓದು ಬಿಡಲಿಲ್ಲ ಮಾಮು. ಪಿಎಚ್.ಡಿ. ಮಾಡಿದರು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದರು, 2022ರಲ್ಲಿ ತಮ್ಮ ಅನುಭವದ ಪುಸ್ತಕ ಬರೆದರು. ನಾವು ಓದದಿದ್ದರೆ ನಮ್ಮ ಲೆಕ್ಕ ಬೇರೆಯವರು ಬರೀತಾರೆ. ಅವರು ತಪ್ಪಾಗಿ ಬರೆದರೂ ನಮಗೆ ಗೊತ್ತಾಗೋದಿಲ್ಲ."

2017ರ ನಂತರದ ಅಂಕಿಅಂಶ ಬೇಕಾದರೆ ಮೇರಿಲ್ಯಾಂಡಿನವರಿಗೆ ಒಂದು ಅರ್ಜಿ ತುಂಬಿ ಕಳಿಸಬೇಕಿತ್ತು. ಹೆಸರು, ಸಂಸ್ಥೆ, ಉದ್ದೇಶ. ವಾರದಿಂದ ಆಪಾ ಅದಕ್ಕೇ ಅಡ್ಡ ನಿಂತಿದ್ದರು. ಅಷ್ಟು ದೊಡ್ಡ ದೇಶದ ಪುಸ್ತಕದಲ್ಲಿ, ಅದೂ ಆ ಪದದ ಕೆಳಗೆ ಮಗಳ ಹೆಸರು ಯಾಕೆ ಎಂದು. ಈಗ ಆಪಾ ನಮ್ಮ ಮುಖ ನೋಡಿದರು, ಹದಿನಾರು ವರ್ಷದ ಹಿಂದೆ ಅಬ್ಬಾ ನೋಡಿದ ಹಾಗೆ. ಈ ಸಲ ನಾವು "ತುಂಬಲಿ" ಎಂದೆವು.

ಆಕೆ ತನ್ನ ಪೂರ್ತಿ ಹೆಸರನ್ನು, ಅಪ್ಪನ ಹೆಸರೂ ಸೇರಿಸಿ, ಬರೆದಳು. ಉದ್ದೇಶದ ಜಾಗದಲ್ಲಿ ಎರಡೇ ಪದ: ಎಂ.ಎಸ್ಸಿ. ಪ್ರಾಜೆಕ್ಟ್. ಅಸರ್ ಅಜಾನ್ ಆಯಿತು. ಆಪಾ ಮುಖ ಒರೆಸಿಕೊಂಡು ವುಜೂಗೆ ಹೋದರು. ಕೆಲವು ದಿನದಲ್ಲಿ ಅಂಕಿಅಂಶ ಬಂತು. ಪ್ರಾಜೆಕ್ಟಿಗೆ ಒಳ್ಳೆಯ ಅಂಕಗಳೇ ಬಂದವು. ಯಾರೂ ಬಂದು ಏನೂ ಕೇಳಲಿಲ್ಲ. ಆದರೂ ಆಪಾ ಆರು ತಿಂಗಳು ಬಾಗಿಲು ಬಡಿದ ಸದ್ದಿಗೆ ಬೆಚ್ಚುತ್ತಿದ್ದರು ಎಂಬುದನ್ನೂ ಇಲ್ಲಿ ಬರೆಯಬೇಕು. ಆ ಭಯಕ್ಕೆ ಯಾವ ಖಾತೆಯಲ್ಲೂ ಕಾಲಮ್ಮಿಲ್ಲ.

ಆ ಹುಡುಗ ಈಗ ಮೂವತ್ತು ದಾಟಿದ ಇಂಜಿನಿಯರು. ಎಲ್ಲಿದ್ದಾನೋ ತಿಳಿಯದು, ಹೆಸರನ್ನೂ ನಾವು ಕೇಳಿರಲಿಲ್ಲ. ಈ ಪತ್ರಿಕೆ ಭಟ್ಕಳಕ್ಕೂ ಹೋಗುತ್ತದೆ. ಯಾರಾದರೂ ಓದಿ ಅವನಿಗೆ ತಲುಪಿಸಿದರೆ ಒಂದೇ ಮಾತು ಹೇಳುವುದಿದೆ. ಅಂದು ನಮ್ಮ ಮನೆಗೆ ಯಾವ ನೆಂಟರೂ ಬರುವವರಿರಲಿಲ್ಲ. ಕೋಣೆ ಖಾಲಿಯಿತ್ತು.